ಮಾನ್‌ಸ್ಟೆರಾ ಎಲೆ ಜೋತು ಬಿದ್ದಿದೆಯಾ? ಚೊಂಬು ಕೆಳಗಿಡಿ, ಚಟ್ಟಿ ಎತ್ತಿ ನೋಡಿ

ಎಲೆ ಜೋತು ಬಿದ್ದ ತಕ್ಷಣ ನಮ್ಮ ಕೈ ಹೋಗುವುದು ನೀರಿನ ಚೊಂಬಿಗೆ. ಗಿಡ ಬಾಡಿದೆ, ಬಾಯಾರಿದೆ, ನೀರು ಹಾಕೋಣ. ಅಂಗಳದ ದಾಸವಾಳಕ್ಕೆ ಇದು ಸರಿಯೇ. ಆದರೆ ಮನೆಯೊಳಗೆ ಚಟ್ಟಿಯಲ್ಲಿ ಬೆಳೆಸಿದ, ಅಗಲ ಎಲೆಯಲ್ಲಿ ತೂತು, ಸೀಳು ಇರುವ ಮಾನ್‌ಸ್ಟೆರಾಕ್ಕೆ, ಅದರಲ್ಲೂ ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ, ಹೀಗೆ ಮಾಡಿದರೆ ಬದುಕುವ ಗಿಡವನ್ನು ನಾವೇ ಕೈಯಾರೆ ಮುಳುಗಿಸಿದ ಹಾಗೆ. ನೀರು ಕಡಿಮೆಯಾದರೂ ಈ ಗಿಡದ ಎಲೆ ಜೋಲುತ್ತದೆ, ನೀರು ಜಾಸ್ತಿಯಾದರೂ ಜೋಲುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಮದ್ದು ಮಾತ್ರ ಪೂರ್ತಿ ಉಲ್ಟಾ.

ಯಾಕೆ ಹೀಗೆ? ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯನ್ನೇ ಅದು ಉಸಿರಾಡುವುದು. ದಿನಾ ನೀರು ಹೊಯ್ದರೆ ಸಂದಿಗಳೆಲ್ಲ ನೀರಿನಿಂದ ತುಂಬಿಹೋಗುತ್ತವೆ, ಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತ ಬೇರಿಗೆ ಕೊಳೆ ಹತ್ತುತ್ತದೆ. ಸತ್ತ ಬೇರು ನೀರು ಹೀರುವುದಿಲ್ಲ ಅಲ್ವಾ? ಹಾಗಾಗಿ ಬುಡದಲ್ಲಿ ಎಷ್ಟೇ ನೀರಿದ್ದರೂ ಎಲೆಗೆ ಒಂದು ಹನಿ ತಲುಪುವುದಿಲ್ಲ. ಎಲೆ ಬಾಡುತ್ತದೆ. ನಾವು ಇನ್ನೊಂದು ಚೊಂಬು ಹಾಕುತ್ತೇವೆ.

ತೋಟದಲ್ಲಿ ಒಳ್ಳೆಮೆಣಸಿನ ಬಳ್ಳಿ ಇದ್ದವರಿಗೆ ಇದು ಹೊಸ ವಿಷಯ ಅಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ನಿಂತುಕೊಂಡೇ ಬಳ್ಳಿ ಬಾಡಿ ಎಲೆ ಉದುರಿಸುತ್ತದೆ. ಸೊರಗು ರೋಗ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಬೇರು, ಬುಡ ಎಲ್ಲ ಕೊಳೆಸಿ ತರುವ ರೋಗ ಅದು. ಅಡಿಕೆಯ ಕೊಳೆರೋಗ ತರುವುದೂ ಅದರದ್ದೇ ಜಾತಿ. ಆಗ ಯಾರಾದರೂ ಬಳ್ಳಿ ಬಾಡಿದೆ ಅಂತ ಬುಡಕ್ಕೆ ನೀರು ಹೊಯ್ಯುತ್ತಾರಾ? ಇಲ್ಲ. ಬುಡದಲ್ಲಿ ನಿಂತ ನೀರು ಹರಿದುಹೋಗಲು ಕಣಿ ಬಿಡಿಸುತ್ತಾರೆ. ತೋಟದಲ್ಲಿ ನಮಗಿರುವ ಈ ತಿಳಿವಳಿಕೆ, ಗಿಡ ಚಾವಡಿಯ ಮೂಲೆಗೆ ಬಂದ ಕೂಡಲೇ ಯಾಕೋ ಮರೆತುಹೋಗುತ್ತದೆ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಮಾನ್‌ಸ್ಟೆರಾ ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದು. ಎಲೆ ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ತೋಡಿನ ಬದಿಯಲ್ಲಿ ಕೆಸರಲ್ಲೇ ಸುಖವಾಗಿರುವ ಕೆಸುವಿನ ಹಾಗೆ ಇದಕ್ಕೂ ಬೇಕಾದಷ್ಟು ನೀರು ಬೇಕು ಅಂತ ಅಂದಾಜು ಮಾಡುತ್ತಾರೆ. ಆದರೆ ಇದು ದಕ್ಷಿಣ ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಕಾಡಿನಲ್ಲಿ ಮರಕ್ಕೆ ಹಬ್ಬಿ ಬೆಳೆಯುವ ಬಳ್ಳಿ. ಬೇರು ಇರುವುದು ಮರದ ತೊಗಟೆಯ ಮೇಲೆ, ಉದುರಿದ ಎಲೆಗಳ ಸಡಿಲ ರಾಶಿಯಲ್ಲಿ. ಮಳೆ ಬಂದಾಗ ಪೂರ್ತಿ ಒದ್ದೆ, ಮಳೆ ನಿಂತ ಮೇಲೆ ಗಾಳಿಗೆ ಆರುತ್ತದೆ. ರೂಪ ಕೆಸುವಿನದ್ದು, ಬದುಕು ಒಳ್ಳೆಮೆಣಸಿನದ್ದು. ಇದೊಂದು ನೆನಪಿಟ್ಟರೆ ಅರ್ಧ ತೊಂದರೆ ಬರುವುದೇ ಇಲ್ಲ.

ಅಕ್ಕನ ಮನೆಯ ಗಿಡ

ಅಕ್ಕ ಇರುವುದು ಕಾಸರಗೋಡು ಪೇಟೆಯಲ್ಲಿ, ಮೂರನೇ ಮಾಳಿಗೆಯ ಫ್ಲಾಟಿನಲ್ಲಿ. ಅವಳ ಮಾನ್‌ಸ್ಟೆರಾ ನನ್ನ ಸೊಂಟದಷ್ಟು ಎತ್ತರ ಇತ್ತು, ಒಂಬತ್ತು ಎಲೆ. ಒಂದು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಫೋನ್ ಮಾಡಿದಳು. "ದಿನಾ ಒಂದು ಚೊಂಬು ಹಾಕ್ತಾ ಇದ್ದೇನೆ, ಆದ್ರೂ ತಲೆ ಎತ್ತುದಿಲ್ಲ ಮಾರಾಯ" ಅಂದಳು. ವಾಟ್ಸಾಪಿನಲ್ಲಿ ಫೋಟೋ ಬಂತು. ಎಲೆಗಳೆಲ್ಲ ಒದ್ದೆ ಬಟ್ಟೆ ನೇತುಹಾಕಿದ ಹಾಗೆ ಕೆಳಗೆ. ಮೇಲಿನ ಮಣ್ಣು ಫೋಟೋದಲ್ಲಿ ಒಣಗಿದ ಹಾಗೆ ಕಂಡಿತು. ನೀರು ಸಾಕಾಗಿಲ್ಲವೇನೋ, ಸರಿಯಾಗಿ ಹಾಕು ಅಂತ ನಾನೇ ಹೇಳಿದೆ. ಆ ಮಾತು ಇವತ್ತಿಗೂ ನನಗೆ ಬೇಜಾರು. ಫೋಟೋ ನೋಡಿ ಜೋತ ಎಲೆಯ ಕಾರಣ ಹೇಳಲಿಕ್ಕೆ ಯಾರಿಂದಲೂ ಆಗುವುದಿಲ್ಲ, ಇನ್ನು ಯಾರಾದರೂ ಕೇಳಿದರೆ ನಾನು ಹೇಳುವುದೂ ಇಲ್ಲ.

ಐದು ದಿನ ಬಿಟ್ಟು ಹೋಗಿ ನೋಡಿದೆ. ಚಟ್ಟಿ ಎತ್ತಲು ಹೋದರೆ ಕಲ್ಲಿನಷ್ಟು ಭಾರ. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚಟ್ಟಿಯನ್ನು ಚಂದ ಕಾಣಲಿ ಅಂತ ಬಿಳಿ ಸೆರಾಮಿಕ್ ಚಟ್ಟಿಯ ಒಳಗೆ ಇಳಿಸಿದ್ದಳು. ಹೊರಗಿನ ಚಟ್ಟಿಗೆ ತೂತೇ ಇಲ್ಲ. ಒಳಗಿನದನ್ನು ಮೇಲಕ್ಕೆ ಎಳೆದಾಗ ತಳದಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು, ಕಪ್ಪಗೆ. ವಾಸನೆ ಹೇಗಿತ್ತು ಅಂದರೆ, ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿದ ತೆಂಗಿನ ಸಿಪ್ಪೆಯನ್ನು ಮೇಲೆ ತೆಗೆದಾಗ ಬರುತ್ತದಲ್ವಾ, ಅದೇ. ಮಣ್ಣಿನ ಮೇಲ್ಭಾಗ ಫ್ಯಾನಿನ ಗಾಳಿಗೆ ಆರಿ ಒಣಗಿದ ಹಾಗೆ ಕಾಣುತ್ತಿತ್ತು, ಒಳಗೆ ಪೂರಾ ಕೆಸರು.

ಮೊದಲು ಈ ಮೂರು ಪರೀಕ್ಷೆ

ನೀರು, ಗೊಬ್ಬರ, ಮದ್ದು, ಜಾಗ ಬದಲಾಯಿಸುವುದು, ಏನೂ ಬೇಡ. ಮೊದಲು ಇಷ್ಟು ಮಾಡಿ. ಕಾಲು ಗಂಟೆಯ ಕೆಲಸ.

ಚಟ್ಟಿ ಎತ್ತಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಭಾರ, ಹಾಗಾಗಿ ಒದ್ದೆ ಚಟ್ಟಿಗೂ ಒಣ ಚಟ್ಟಿಗೂ ಇರುವ ವ್ಯತ್ಯಾಸ ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ದೊಡ್ಡ ಚಟ್ಟಿ ಎತ್ತಲು ಆಗದಿದ್ದರೆ ಒಂದು ಬದಿ ಸ್ವಲ್ಪ ಓರೆ ಮಾಡಿ ನೋಡಿದರೂ ಸಾಕು. ಹೊರಗೆ ಅಲಂಕಾರದ ಚಟ್ಟಿ ಇದ್ದರೆ ಒಳಗಿನದನ್ನು ಹೊರಗೆ ತೆಗೆದೇ ನೋಡಬೇಕು, ಇದು ಬಿಡಬೇಡಿ.

ಆಮೇಲೆ ಒಂದು ಒಣ ತೆಂಗಿನ ಕಡ್ಡಿ, ಹಿಡಿಸೂಡಿಯಿಂದ ತೆಗೆದದ್ದಾದರೂ ಆಗುತ್ತದೆ, ಚಟ್ಟಿಯ ಅಂಚಿನಿಂದ ತಳದವರೆಗೆ ಚುಚ್ಚಿ. ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ಎಲ್ಲಿಯವರೆಗೆ ಬಣ್ಣ ಗಾಢವಾಗಿದೆ, ಮಣ್ಣು ಅಂಟಿದೆ, ಅಲ್ಲಿಯವರೆಗೆ ಒದ್ದೆ. ತುದಿಯನ್ನು ಮೂಸಿ. ಮಳೆ ಬಿದ್ದ ತೋಟದ ವಾಸನೆ ಬಂದರೆ ಒಳ್ಳೆಯದು. ಕೊಳೆತ ನಾತ ಬಂದರೆ ಬೇರು ಹೋಗಿದೆ. ಬೆರಳು ಹಾಕಿ ನೋಡುವವರು ಮೇಲಿನ ಎರಡು ಇಂಚು ಮಾತ್ರ ನೋಡುತ್ತಾರೆ, ತೊಂದರೆ ಇರುವುದು ಕೆಳಗೆ.

ಮೂರನೆಯದು, ಎಲೆ ಎಲ್ಲಿಂದ ಬಾಗಿದೆ ಅಂತ ನೋಡುವುದು. ಮಾನ್‌ಸ್ಟೆರಾದ ದಂಟು ಎಲೆಗೆ ಸೇರುವ ಕಡೆ ಒಂದು ಸಣ್ಣ ಗಂಟು ಇದೆ, ನಮ್ಮ ಕೈಯ ಮಣಿಗಂಟಿನ ಹಾಗೆ. ಬೆಳಕಿನ ಕಡೆಗೆ ಎಲೆ ತಿರುಗಿಸುವುದು ಅಲ್ಲಿಂದಲೇ. ದಂಟು ನೆಟ್ಟಗೆ ಗಟ್ಟಿಯಾಗಿದ್ದು ಆ ಗಂಟಿನಿಂದ ಕೆಳಗೆ ಮಾತ್ರ ಎಲೆ ತೂಗಿದ್ದರೆ ಹೆದರಬೇಡಿ. ಮಾನ್‌ಸ್ಟೆರಾ ಎಲೆ ಸಹಜವಾಗಿ ಹಾಗೆಯೇ ತುಸು ಕೆಳಮುಖವಾಗಿ ಇರುತ್ತದೆ, ಹೊಸದಾಗಿ ಗಿಡ ತಂದವರು ಇದನ್ನೇ ರೋಗ ಅಂದುಕೊಳ್ಳುವುದುಂಟು. ದಂಟೇ ಬುಡದಿಂದ ಸಡಿಲವಾಗಿ ಬಾಗಿದ್ದರೆ ಮಾತ್ರ ನಿಜವಾದ ತೊಂದರೆ. ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಒಣಗಿ ಬಾಡಿದ ಎಲೆ ತೆಳ್ಳಗೆ, ಬದಿ ಸುರುಟಿಕೊಂಡು, ಹಪ್ಪಳದ ಹಾಗೆ ಗರಿಗರಿಯಾಗುತ್ತಾ ಹೋಗುತ್ತದೆ. ನೀರು ಜಾಸ್ತಿಯಾದ ಎಲೆ ಮೆತ್ತಗೆ, ಹಳದಿ ಮಿಶ್ರವಾಗಿ, ಕೆಲವೊಮ್ಮೆ ಕಪ್ಪು ಒದ್ದೆ ಮಚ್ಚೆಯೊಂದಿಗೆ ಜೋಲುತ್ತದೆ.

ಮಣ್ಣು ಒದ್ದೆ, ಎಲೆ ಜೋತಿದೆ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಕಾಲದಲ್ಲಿ ಚಟ್ಟಿಯ ಮಣ್ಣು ಒಣಗುವುದು ಹೇಗೆ? ಬಟ್ಟೆ ನೋಡಿ ನೀರು ಹಾಕಿ ಅಂತ ನಾನು ಹೇಳುವುದುಂಟು. ಹಗ್ಗದ ಮೇಲಿನ ಪಂಚೆ ಒಂದೇ ದಿನದಲ್ಲಿ ಒಣಗುತ್ತಿಲ್ಲ ಅಂದರೆ ಗಿಡಕ್ಕೂ ನೀರು ಬೇಡ. ನನ್ನ ಮನೆಯ ಗಿಡಕ್ಕೆ ಆಟಿಯಲ್ಲಿ ಹನ್ನೆರಡು, ಹದಿನಾಲ್ಕು ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕಾಗುತ್ತದೆ. ಅದೇ ಗಿಡಕ್ಕೆ ಏಪ್ರಿಲಿನಲ್ಲಿ ನಾಲ್ಕು ದಿನಕ್ಕೊಮ್ಮೆ ಬೇಕು. ಕ್ಯಾಲೆಂಡರ್ ನೋಡಿ ಹಾಕುವ ನೀರು ಯಾವುದಾದರೊಂದು ಕಾಲದಲ್ಲಿ ಗಿಡ ಕೊಲ್ಲುತ್ತದೆ.

ಒದ್ದೆ ಇದೆ, ಆದರೆ ನಾತ ಇಲ್ಲ, ಒಂದೆರಡು ಎಲೆ ಮಾತ್ರ ಬಾಗಿದೆ ಅಂದರೆ ಅದೃಷ್ಟ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಚಟ್ಟಿಯನ್ನು ಎರಡು ಓಡಿನ ಮೇಲೆ ಎತ್ತಿಡಿ, ಕಿಟಕಿ ಹತ್ತಿರ ತನ್ನಿ, ಕಡ್ಡಿಯಿಂದ ಮಣ್ಣಿಗೆ ಅಲ್ಲಲ್ಲಿ ಆಳದವರೆಗೆ ತೂತು ಮಾಡಿ, ಫ್ಯಾನ್ ಹಾಕಿ, ಮೇಲಿನ ಅರ್ಧ ಮಣ್ಣು ಒಣಗುವವರೆಗೆ ನೀರು ಮುಟ್ಟಬೇಡಿ.

ನಾತ ಇದ್ದರೆ ಬೇರು ನೋಡಲೇಬೇಕು. ಅಕ್ಕನ ಮನೆಯಲ್ಲಿ ನಾವು ಮಾಡಿದ್ದನ್ನೇ ಹೇಳುತ್ತೇನೆ. ಗಿಡವನ್ನು ಬಚ್ಚಲಿಗೆ ತೆಗೆದುಕೊಂಡು ಹೋಗಿ, ಚಟ್ಟಿ ಮಲಗಿಸಿ, ಬದಿಗಳನ್ನು ಒತ್ತಿ ಸಡಿಲ ಮಾಡಿ ಮೆಲ್ಲ ಹೊರಗೆ ಜಾರಿಸಿದೆವು. ಎಳೆಯಬಾರದು. ಮಣ್ಣನ್ನು ಮಗ್ಗಿನ ನೀರಿನಲ್ಲಿ ತೊಳೆದು ತೆಗೆದೆವು. ಆಗ ಬೇರು ಕಂಡಿತು. ಇಲ್ಲಿ ಒಂದು ಎಚ್ಚರ: ಈ ಜಾತಿಯ ಗಿಡಗಳ ಹಳೆ ಬೇರು ಕಂದು ಬಣ್ಣದ್ದೇ ಇರುತ್ತದೆ, ಬಣ್ಣ ನೋಡಿ ಕತ್ತರಿಸಬೇಡಿ. ಚಿವುಟಿ ನೋಡಿ. ಒಳ್ಳೆಯ ಬೇರು ಗಟ್ಟಿ, ಉಗುರು ತಾಗಿಸಿದರೆ ಒಳಗೆ ಬಿಳಿ. ಕೊಳೆತದ್ದು ಬೆರಳ ಸಂದಿಯಲ್ಲಿ ಪಿಚಕ್ಕನೆ ಒಡೆಯುತ್ತದೆ, ಮೇಲಿನ ಸಿಪ್ಪೆ ಕೈಯಲ್ಲೇ ಜಾರಿ ಬಂದು ಒಳಗಿನ ನಾರು ಮಾತ್ರ ದಾರದ ಹಾಗೆ ಉಳಿಯುತ್ತದೆ. ಅಕ್ಕ ಒಂದೊಂದೇ ಬೇರು ಹಿಡಿದು ಎಳೆದಾಗಲೂ ದಾರವೇ ಬರುತ್ತಿತ್ತು. ಅವಳು ಮಾತಾಡಲೇ ಇಲ್ಲ. ಕೊನೆಗೆ ಒಂದು ಮುಷ್ಟಿ ಬೇರು ಉಳಿಯಿತು, ಅಷ್ಟೇ.

ಕೊಳೆತದ್ದೆಲ್ಲವನ್ನೂ ಬಿಳಿ ಕಾಣುವವರೆಗೆ ಕತ್ತರಿಸಿ. ಕತ್ತರಿಯನ್ನು ಸ್ಪಿರಿಟ್ ಅಥವಾ ಸ್ಯಾನಿಟೈಸರಿನಲ್ಲಿ ಒರೆಸಿ, ಪ್ರತಿ ನಾಲ್ಕೈದು ಕತ್ತರಿಸಿದ ಮೇಲೆ ಮತ್ತೆ ಒರೆಸಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ, ಇದರ ರಸ ಕೆಸುವಿನ ಹಾಗೆಯೇ ತುರಿಸುತ್ತದೆ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಎರಡರಲ್ಲೂ ಇವೆ. ಮನೆಯಲ್ಲಿ ಸಣ್ಣ ಮಕ್ಕಳು, ಬೆಕ್ಕು, ನಾಯಿ ಇದ್ದರೆ ಕತ್ತರಿಸಿದ ಚೂರು ನೆಲದಲ್ಲಿ ಬಿಡಲೇಬೇಡಿ, ಬಾಯಿಗೆ ಹಾಕಿದರೆ ಬಾಯಿ, ಗಂಟಲು ಉರಿದು ಬಾತುಕೊಳ್ಳುತ್ತದೆ.

ಕತ್ತರಿಸಿದ ಬೇರನ್ನು ನೆರಳಲ್ಲಿ ಒಂದೆರಡು ಗಂಟೆ ಆರಲು ಬಿಡಿ. ಹಳೆ ಮಣ್ಣು ಪೂರ್ತಿ ಬಿಸಾಡಿ, ಬೇರೆ ಚಟ್ಟಿಗೂ ಹಾಕಬೇಡಿ. ಚಟ್ಟಿಯನ್ನು ಸೋಪಿನಲ್ಲಿ ತಿಕ್ಕಿ ತೊಳೆದು ಬಿಸಿಲಲ್ಲಿ ಒಣಗಿಸಿ. ಆಮೇಲೆ ಎಲ್ಲರೂ ಮಾಡುವ ತಪ್ಪು, ಮತ್ತೆ ಅದೇ ದೊಡ್ಡ ಚಟ್ಟಿಯಲ್ಲಿ ನೆಡುವುದು. ಉಳಿದ ಬೇರಿನ ಗಾತ್ರಕ್ಕಿಂತ ಎರಡು ಬೆರಳು ಮಾತ್ರ ಅಗಲ ಇರುವ ಚಟ್ಟಿ ಸಾಕು. ಒಂದು ಮುಷ್ಟಿ ಬೇರು ಒಂದು ಬಕೆಟ್ ಮಣ್ಣಿನ ನೀರು ಹೀರಲು ಆಗುವುದಿಲ್ಲ, ಮತ್ತೆ ಕೊಳೆಯುತ್ತದೆ. ಅಕ್ಕನ ಗಿಡ ಎಂಟು ಇಂಚಿನ ಚಟ್ಟಿಗೆ ಇಳಿಯಿತು. ಬೀಳದ ಹಾಗೆ ಅದನ್ನು ಗೋಡೆಗೆ ಒರಗಿಸಿ, ದಾರ ಕಟ್ಟಿ ನಿಲ್ಲಿಸಬೇಕಾಯಿತು.

ಮಣ್ಣಿನ ವಿಷಯ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ಕಡೆ ಕೊಳೆಯುವ ಗಿಡಗಳ ಕತೆ ಜಾಸ್ತಿ ಶುರುವಾಗುವುದು ಮಣ್ಣಿನಿಂದಲೇ. ನರ್ಸರಿಯಿಂದ ಬರುವ ಚಟ್ಟಿಯಲ್ಲಿ ಹೆಚ್ಚಾಗಿ ಇರುವುದು ಬರೀ ತೆಂಗಿನ ನಾರಿನ ಪುಡಿ, ಇಲ್ಲದಿದ್ದರೆ ಕೆಂಪು ಮಣ್ಣು. ನಾರಿನ ಪುಡಿ ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಸ್ಪಂಜಿನ ಹಾಗೆ ಹಿಡಿದಿಡುತ್ತದೆ. ನರ್ಸರಿಯ ನೆರಳುಬಲೆಯ ಕೆಳಗೆ, ಗಾಳಿ ಆಡುವ ಕಡೆ ಅದು ಒಳ್ಳೆಯದೇ. ಚಾವಡಿಯ ಮೂಲೆಯಲ್ಲಿ ಅದೇ ಪುಡಿ ವಾರಗಟ್ಟಲೆ ಒಣಗುವುದಿಲ್ಲ. ನಮ್ಮ ಕೆಂಪು ಮಣ್ಣು ಚಟ್ಟಿಯಲ್ಲಿ ಎರಡು ಮಳೆಗಾಲ ಕಳೆದರೆ ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ.

ನಾನು ಹಾಕುವುದು ಹೀಗೆ: ಎರಡು ಪಾಲು ತೆಂಗಿನ ಸಿಪ್ಪೆಯ ಚೂರು, ಹೆಬ್ಬೆರಳಿನ ಉಗುರಿನಷ್ಟು ಗಾತ್ರಕ್ಕೆ ಕತ್ತರಿಸಿದ್ದು. ಒಂದು ಪಾಲು ನಾರಿನ ಪುಡಿ. ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಅಥವಾ ಎರೆಗೊಬ್ಬರ. ಒಂದು ಪಾಲು ದಪ್ಪ ಮರಳು ಅಥವಾ ಗೆರಟೆ ಇದ್ದಿಲಿನ ಚೂರು. ಸುಡುಮಣ್ಣು ಇದ್ದರೆ ಒಂದು ಹಿಡಿ. ಸಿಪ್ಪೆ, ನಾರಿನ ಪುಡಿ ಎರಡನ್ನೂ ಮೂರು ಸಲ ನೀರು ಬದಲಾಯಿಸಿ ನೆನೆಸಿ ಹಿಂಡಬೇಕು, ಹೊಸ ಸಿಪ್ಪೆಯಲ್ಲಿ ಉಪ್ಪಿನಂಶವೂ ಒಗರಿನಂಶವೂ ಇರುತ್ತದೆ, ಮೊದಲ ನೀರು ಕಡು ಚಹಾದ ಬಣ್ಣಕ್ಕೆ ಬರುತ್ತದೆ. ಬೆರೆಸಿದ ಮಣ್ಣಿಗೆ ನೀರು ಹೊಯ್ದರೆ ಕೆಲವೇ ಸೆಕೆಂಡಿನಲ್ಲಿ ತಳದಿಂದ ಹೊರಗೆ ಬರಬೇಕು. ಮೇಲೆ ನಿಂತರೆ ಇನ್ನೂ ಸಿಪ್ಪೆ ಸೇರಿಸಿ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾಗಿ, ಇವತ್ತು ಸಿಪಿಸಿಆರ್‌ಐ ಅಂತ ಎಲ್ಲರಿಗೂ ಗೊತ್ತಿರುವ ಸಂಸ್ಥೆ ನಮ್ಮ ಕೂಡ್ಲಿನಲ್ಲೇ ಇದೆ. ತೆಂಗಿನ ಊರಿನಲ್ಲಿ ಕೂತು ಪ್ಯಾಕೆಟ್ಟಿನ ಮಣ್ಣಿಗೆ ದುಡ್ಡು ಕೊಡುವುದು ಯಾಕೆ ಹೇಳಿ.

ಚಟ್ಟಿಯ ತಳಕ್ಕೆ ಜಲ್ಲಿ ತುಂಬಿಸಿದರೆ ನೀರು ಬೇಗ ಇಳಿಯುತ್ತದೆ ಅಂತ ಹಿರಿಯರಿಂದ ಕೇಳಿಕೊಂಡು ಬಂದಿದ್ದೇವೆ. ನಿಜವಾಗಿ ಹಾಗಾಗುವುದಿಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಮೊದಲು ಪೂರ್ತಿ ತುಂಬಿಕೊಳ್ಳಬೇಕು. ಅಂದರೆ ತಳದಲ್ಲಿ ಇರಬೇಕಾದ ಕೆಸರು ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂತು. ತೂತಿನ ಮೇಲೆ ಒಂದು ಓಡು ಚೂರು ಇಟ್ಟರೆ ಸಾಕು.

ಹೊಸ ಮಣ್ಣಿಗೆ ಟ್ರೈಕೋಡರ್ಮಾ ಸೇರಿಸಬಹುದು. ಬೇರುಕೊಳೆ ತರುವ ಜೀವಿಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ ಅದು, ಒಳ್ಳೆಮೆಣಸಿಗೆ ಹಾಕುವವರಿಗೆ ಗೊತ್ತೇ ಇದೆ. ಆದರೆ ಅದರ ಜತೆಗೆ ಮೈಲುತುತ್ತಿನ ಬೋರ್ಡೋ ದ್ರಾವಣ ಹೊಯ್ಯಬೇಡಿ. ಮೈಲುತುತ್ತಿನಲ್ಲಿರುವ ತಾಮ್ರ ಆ ಒಳ್ಳೆಯ ಶಿಲೀಂಧ್ರವನ್ನೂ ಬಿಡುವುದಿಲ್ಲ. ಹೊಸ ಎಲೆ ಬರುವವರೆಗೆ ಬೇರೆ ಗೊಬ್ಬರ ಏನೂ ಬೇಡ.

ಮಣ್ಣು ಒಣಗಿದೆ, ಎಲೆ ಜೋತಿದೆ

ಇದು ಸುಲಭ. ಚಟ್ಟಿ ಹಗುರ, ಕಡ್ಡಿ ಒಣ, ಎಲೆ ಸುರುಟಿದೆ. ಮೇಲಿಂದ ನೀರು ಹಾಕಿದರೆ ಆಗುತ್ತದೆ ಅಂತ ಅನಿಸಬಹುದು, ಆದರೆ ನಾರಿನ ಪುಡಿ ಪೂರ್ತಿ ಒಣಗಿದ ಮೇಲೆ ಕುಗ್ಗಿ ಚಟ್ಟಿಯ ಬದಿ ಬಿಡುತ್ತದೆ, ಹಾಕಿದ ನೀರೆಲ್ಲ ಬದಿಯಿಂದ ಇಳಿದು ತಟ್ಟೆಗೆ ಬರುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಇದನ್ನು ನೋಡಿ ನೀರು ಸರಿಯಾಗಿ ಇಳಿಯಿತು ಅಂತ ನಂಬಿ ಕೂತವರಿದ್ದಾರೆ. ಚಟ್ಟಿಯನ್ನು ಬಕೆಟ್ಟಿನಲ್ಲಿ ಅರ್ಧ ಮುಳುಗುವಷ್ಟು ನೀರಿನಲ್ಲಿ ಇಡಿ. ಮುಕ್ಕಾಲು ಗಂಟೆ ಬಿಡಿ. ಮೇಲಿನ ಮಣ್ಣು ತಾನಾಗಿ ಒದ್ದೆಯಾದ ಮೇಲೆ ತೆಗೆದು ನೀರು ಪೂರ್ತಿ ಸೋರಲು ಬಿಡಿ. ಸಂಜೆಗೆ ಇಲ್ಲವೇ ಮರುದಿನ ಬೆಳಗ್ಗೆಗೆ ಎಲೆ ಎದ್ದು ನಿಂತಿರುತ್ತದೆ. ಎದ್ದು ನಿಲ್ಲದಿದ್ದರೆ ಬೇರು ನೋಡಿ.

ಮಾರ್ಚಿನಿಂದ ಮೇ ತನಕ ಮಧ್ಯಾಹ್ನ ಸ್ವಲ್ಪ ಜೋತು ಸಂಜೆ ತಾನಾಗಿ ಏಳುವ ಗಿಡಕ್ಕೆ ರೋಗ ಇಲ್ಲ. ಸೆಕೆಗೆ ಬೇರು ಕೊಡುವುದಕ್ಕಿಂತ ವೇಗವಾಗಿ ಎಲೆಯಿಂದ ನೀರು ಆವಿಯಾಗುತ್ತದೆ, ಅಷ್ಟೇ. ಪಡುವಣ ಕಿಟಕಿಯಿಂದ ಒಳಗೆ ಸರಿಸಿ. ಎಸಿಯ ಗಾಳಿ ನೇರ ಬೀಸುವ ಜಾಗದಲ್ಲೂ ಇಡಬೇಡಿ.

ಪ್ರತಿ ಎರಡು ದಿನಕ್ಕೆ ನೀರು ಕೇಳುತ್ತದೆ, ತಳದ ತೂತಿನಿಂದ ಬೇರು ಹೊರಗೆ ಇಣುಕಿದೆ ಅಂದರೆ ಚಟ್ಟಿ ಚಿಕ್ಕದಾಗಿದೆ. ಒಂದು ಅಳತೆ ದೊಡ್ಡದಕ್ಕೆ ಬದಲಾಯಿಸಿ, ಮಳೆಗಾಲ ಕಳೆದು ಚೌತಿಯ ಮೇಲೆ ಮಾಡಿದರೆ ಒಳ್ಳೆಯದು. ಬದಲಾಯಿಸಿದ ಒಂದೆರಡು ವಾರ ಎಲೆ ಜೋಲಬಹುದು, ಆಗ ಸುಮ್ನೆ ಬಿಡಿ.

ಮಣ್ಣು ಸರಿ ಇದೆ, ಆದರೂ ಜೋತಿದೆ

ಹಾಗಾದರೆ ಬೆಳಕು ನೋಡಿ. ನಮ್ಮ ಹಂಚಿನ ಮನೆಗಳಲ್ಲಿ ಮಾಡು ಕೆಳಗೆ ಇಳಿದಿರುತ್ತದೆ, ಜಗಲಿ ದಾಟಿದರೆ ಹಗಲಲ್ಲೂ ಮಬ್ಬು. ಮಳೆಗಾಲದಲ್ಲಿ ಕೇಳುವುದೇ ಬೇಡ. ನೆರಳಲ್ಲಿ ಬೆಳೆಯುವ ಗಿಡ ಅಂದರೆ ಕತ್ತಲಲ್ಲಿ ಬೆಳೆಯುವ ಗಿಡ ಅಂತ ಅರ್ಥ ಅಲ್ಲ. ಬೆಳಕು ಸಾಕಾಗದಿದ್ದರೆ ದಂಟು ಉದ್ದುದ್ದ ಆಗುತ್ತದೆ, ಎಲೆ ಚಿಕ್ಕದಾಗಿ ತೂತಿಲ್ಲದೆ ಬರುತ್ತದೆ, ಆ ಉದ್ದ ದಂಟಿಗೆ ಎಲೆಯ ಭಾರ ಹೊರಲು ಆಗದೆ ಎಲ್ಲವೂ ನೆಲದ ಕಡೆ ಬಾಗುತ್ತದೆ. ಗಿಡ ಇಟ್ಟ ಜಾಗದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಕೈ ಹಿಡಿದು ನೆರಳು ನೋಡಿ. ಅಂಚು ಮಸುಕಾದ ನೆರಳು ಕಂಡರೆ ಬೆಳಕು ಸರಿ ಇದೆ. ನೆರಳೇ ಕಾಣದಿದ್ದರೆ ಕಿಟಕಿಗೆ ಹತ್ತಿರ ತನ್ನಿ, ಮೂಡಣ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಮಾಡಿನಲ್ಲಿ ಗಾಜಿನ ಹಂಚು ಇದ್ದರೆ ಅದರ ಬಿಸಿಲ ಚೌಕ ಎಲೆಯ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ಆ ಚೌಕದ ಆಕಾರಕ್ಕೇ ಎಲೆ ಸುಟ್ಟು ಕಂದಾಗಿದ್ದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಆಧಾರ ಇಲ್ಲದಿರುವುದೂ ಕಾರಣ ಇರಬಹುದು. ಇದು ಬಳ್ಳಿ ಅಂತ ಮೊದಲೇ ಹೇಳಿದೆ. ಒಳ್ಳೆಮೆಣಸನ್ನು ಮರ ಇಲ್ಲದೆ ಬೆಳೆಸುತ್ತೇವಾ? ಒಂದು ಅಡಿಕೆ ಸಲಾಕೆಗೆ ತೆಂಗಿನ ಸಿಪ್ಪೆಯ ನಾರು ಸುತ್ತಿ ಹಗ್ಗ ಬಿಗಿದು ಚಟ್ಟಿಯಲ್ಲಿ ಊರಿ. ಕಾಂಡವನ್ನು ಬಾಳೆಬಳ್ಳಿಯಿಂದ ಸಡಿಲವಾಗಿ ಕಟ್ಟಿ. ದಂಟಿಗೆ ಕಟ್ಟಬೇಡಿ, ಎಲೆ ತಿರುಗಲು ಆಗುವುದಿಲ್ಲ. ಕಾಂಡದ ಗಂಟಿನಿಂದ ಹೊರಡುವ ಹಗ್ಗದಂಥ ಬೇರುಗಳನ್ನು ಚಂದ ಕಾಣುವುದಿಲ್ಲ ಅಂತ ಕತ್ತರಿಸುತ್ತಾರೆ, ದಯವಿಟ್ಟು ಬೇಡ. ಗಿಡ ಹಿಡಿದುಕೊಳ್ಳುವುದು ಅದರಿಂದಲೇ. ನಾರಿನ ಕಡೆಗೆ ತಿರುಗಿಸಿ, ನಾರನ್ನು ಆಗಾಗ ಒದ್ದೆ ಮಾಡಿ.

ಎಲೆಯ ಅಂಚು ಮಾತ್ರ ಕಂದಾಗಿ ಒಣಗಿ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ನೀರಿನಲ್ಲಿ ಉಪ್ಪು ಇದೆ, ಅಥವಾ ಗೊಬ್ಬರ ಜಾಸ್ತಿಯಾಗಿದೆ. ಕಡಲ ಬದಿಯಲ್ಲಿ, ಹೊಳೆಯ ಅಳಿವೆಯ ಆಸುಪಾಸಿನಲ್ಲಿ ಬೇಸಿಗೆಯಲ್ಲಿ ಬಾವಿ ನೀರು ಉಪ್ಪಾಗುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಳೆ ನೀರು ಹಿಡಿದಿಟ್ಟು, ಚಟ್ಟಿ ಹಿಡಿಯುವ ನೀರಿನ ಮೂರು ಪಟ್ಟು ನಿಧಾನವಾಗಿ ಹಾಯಿಸಿ ಉಪ್ಪು ತೊಳೆಯಿರಿ. ಒಳಗಿನ ಊರುಗಳಲ್ಲಿ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇರುವವರಿಗೆ ಈ ಚಿಂತೆ ಇಲ್ಲ.

ಇನ್ನು ಹುಳ. ಎಲೆಯ ಅಡಿಭಾಗ ತಿರುಗಿಸಿ ನೋಡಿ, ದಂಟು ಸೇರುವ ಸಂದಿ ನೋಡಿ. ಹತ್ತಿಯಂಥ ಬಿಳಿ ಉಂಡೆ ಇದ್ದರೆ ಹಿಟ್ಟು ತಿಗಣೆ. ಬೆಳ್ಳಿ ಬಣ್ಣದ ಗೀಚು, ಸಣ್ಣ ಕಪ್ಪು ಚುಕ್ಕೆ ಇದ್ದರೆ ಥ್ರಿಪ್ಸ್. ಬೇಸಿಗೆಯಲ್ಲಿ ಸಣ್ಣ ಬಲೆ ಕಂಡರೆ ನುಸಿ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು, ವಾರಕ್ಕೊಮ್ಮೆ ಮೂರು ನಾಲ್ಕು ವಾರ. ಚಟ್ಟಿಯ ಮೇಲೆ ಸಣ್ಣ ಕಪ್ಪು ನೊಣ ಹಾರುತ್ತಿದ್ದರೆ ಮಣ್ಣು ಒಣಗುತ್ತಿಲ್ಲ ಅಂತಲೇ ಅರ್ಥ, ಮದ್ದಿಗಿಂತ ಮೊದಲು ನೀರು ನಿಲ್ಲಿಸಿ. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ಏನೆಲ್ಲ ಆಗಿಹೋಗಿತ್ತು ಅಂತ ನಮಗೆ ಗೊತ್ತು. ಮಲಗುವ ಕೋಣೆಯ ಗಿಡಕ್ಕೆ ಕೀಟನಾಶಕ ಸಿಂಪಡಿಸುವುದು ನನ್ನಿಂದಂತೂ ಆಗುವುದಿಲ್ಲ.

ಬೆಳಗ್ಗೆ ಎಲೆಯ ತುದಿಯಲ್ಲಿ ನೀರ ಹನಿ ಇದ್ದರೆ ಅದು ರೋಗ ಅಲ್ಲ, ಕೆಸುವಿನ ಎಲೆಯಲ್ಲೂ ನೋಡಿರುತ್ತೀರಿ. ಕೆಳಗಿನ ಒಂದು ಹಳೆ ಎಲೆ ಆಗೊಮ್ಮೆ ಈಗೊಮ್ಮೆ ಹಳದಿಯಾಗುವುದೂ ಸಹಜ.

ಬೇರು ಪೂರ್ತಿ ಹೋಗಿದ್ದರೆ

ಆಗಲೂ ಬಿಸಾಡಬೇಡಿ. ಕಾಂಡ ಒತ್ತಿ ನೋಡಿ, ಗಟ್ಟಿ ಇರುವ ಕಡೆಯಿಂದ ಮೇಲಕ್ಕೆ ಕತ್ತರಿಸಿ. ಕಾಂಡದ ಒಂದು ಗಂಟು, ಒಂದು ಎಲೆ, ಸಾಧ್ಯವಾದರೆ ಒಂದು ಹೊರಬೇರು ಇರಬೇಕು. ಕಾಂಡದ ಗಂಟಿಲ್ಲದ ಬರೀ ದಂಟು ನೀರಲ್ಲಿ ತಿಂಗಳುಗಟ್ಟಲೆ ಹಸಿರಾಗಿರಬಹುದು, ಬೇರು ಬಂದರೂ ಬರಬಹುದು, ಆದರೆ ಅದರಿಂದ ಹೊಸ ಗಿಡ ಚಿಗುರುವುದಿಲ್ಲ. ಗಂಟು ಮುಳುಗುವಷ್ಟು ನೀರಿನಲ್ಲಿ ಬಾಟಲಿಯಲ್ಲಿಡಿ, ಮೂರು ದಿನಕ್ಕೊಮ್ಮೆ ನೀರು ಬದಲಾಯಿಸಿ. ಬೇರು ಬೆರಳುದ್ದ ಆದಾಗ ನೆಡಿ. ಒಳ್ಳೆಮೆಣಸಿನ ಬಳ್ಳಿ ತುಂಡು ಮಾಡಿ ನೆಟ್ಟವರಿಗೆ ಇದು ಕೈಬಂದ ಕೆಲಸ.

ಸರಿ ಹೋಯಿತಾ ಇಲ್ವಾ ಅಂತ ತಿಳಿಯುವುದು

ಬೇರು ಕೊಳೆತು ಜೋತ ಹಳೆ ಎಲೆ ಮತ್ತೆ ನೆಟ್ಟಗಾಗುವುದು ಕಡಿಮೆ. ಅದನ್ನು ನೋಡಿ ಗಿಡ ಸರಿಯಾಗಿಲ್ಲ ಅಂತ ಮತ್ತೆ ನೀರು, ಮತ್ತೆ ಗೊಬ್ಬರ, ಮತ್ತೆ ಚಟ್ಟಿ ಬದಲಾವಣೆ ಶುರು ಮಾಡುತ್ತಾರೆ, ಹುಷಾರಾಗುತ್ತಿದ್ದ ಗಿಡ ಆಗ ಸಾಯುತ್ತದೆ. ನೋಡಬೇಕಾದದ್ದು ಕೊನೆಯ ದಂಟಿನ ಒಳಮೈ. ಅಲ್ಲಿ ಒಂದು ಸಣ್ಣ ಸೀಳು ಬಿಟ್ಟು, ಸುರುಳಿ ಸುತ್ತಿದ ಬೀಡಿಯಂಥ ಹೊಸ ಎಲೆಯ ತುದಿ ಕಾಣಿಸಿದರೆ ಕೆಳಗೆ ಹೊಸ ಬೇರು ಬಂದಿದೆ ಅಂತ ತಿಳಿಯಿರಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಕಡ್ಡಿ ಚುಚ್ಚಿ ನೋಡುವುದು ಬಿಟ್ಟರೆ ಬೇರೆ ಕೆಲಸ ಇಲ್ಲ.

ಅಕ್ಕನ ಗಿಡ ಒಂಬತ್ತರಲ್ಲಿ ಆರು ಎಲೆ ಕಳೆದುಕೊಂಡಿತು. ಅವಳು ದಿನಾ ಫೋನಿನಲ್ಲಿ "ಇನ್ನೂ ಏನಿಲ್ಲ" ಅಂತ ಹೇಳುತ್ತಿದ್ದಳು. ಏಳು ವಾರ ಹಾಗೇ ಹೋಯಿತು. ಚೌತಿ ಕಳೆದು ಒಂದು ಬೆಳಗ್ಗೆ ಫೋಟೋ ಕಳಿಸಿದಳು, ದಂಟಿನ ಸೀಳಿನಲ್ಲಿ ಎಳೆ ಹಸಿರು ತುದಿ, ಅರ್ಧ ಬೆರಳುದ್ದ. ಕೆಳಗೆ ಬರೆದಿದ್ದಳು: "ಕಡ್ಡಿ ಚುಚ್ಚಿದೆ, ತಳ ಇನ್ನೂ ಒದ್ದೆ ಉಂಟು. ಇವತ್ತು ನೀರು ಹಾಕುದಿಲ್ಲ."